ಹಳೆಯ ಆಂಡೈರನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕ, ಇಂಗ್ಲೆಂಡ್, ಫ್ರಾನ್ಸ್‌ನ ಹಳೆಯ ಮನೆಗಳ ಫೈರ್‌ಪ್ಲೇಸ್‌ಗಳಲ್ಲಿ ಸೌದೆ ಹಿಡಿಯಲು ಇಡುವ ಆಂಡೈರನ್ ಎಂಬ ಅಲಂಕಾರಿಕ ಲೋಹದ ಜೋಡಿಗಳ ಬಗ್ಗೆ ಕೊಳ್ಳುವವರು, ಮನೆಯೊಂದಿಗೇ ಪಡೆದವರು, ದುರಸ್ತಿ ಮಾಡಿಸುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನ ಉತ್ತರಗಳು 1780ರಿಂದ 1830ರ ನಡುವಿನ ಅಮೆರಿಕದ ಹಿತ್ತಾಳೆ ಜೋಡಿಗಳನ್ನು ಗಮನದಲ್ಲಿಟ್ಟುಕೊಂಡಿವೆ. ಮಾರುಕಟ್ಟೆಯಲ್ಲಿ ಹೆಚ್ಚು ಕೈಬದಲಾಗುವುದೂ ಹೆಚ್ಚು ನಕಲಾಗಿರುವುದೂ ಅವೇ.

ಆಂಡೈರನ್ ಮಾಡುವ ಕೆಲಸವೇನು?

ಸೌದೆಯ ದಿಮ್ಮಿಗಳನ್ನು ಒಲೆಯ ನೆಲದಿಂದ ಮೇಲೆತ್ತಿ ಹಿಡಿಯುತ್ತದೆ. ಅಡಿಯಿಂದ ಗಾಳಿ ಹರಿದಾಗ ಸೌದೆ ಚೆನ್ನಾಗಿ ಉರಿಯುತ್ತದೆ, ಹೊಗೆ ಕಡಿಮೆ. ಉರಿಯುವ ದಿಮ್ಮಿ ಮುಂದಕ್ಕೆ ಉರುಳಿ ಕೋಣೆಗೆ ಬೀಳದಂತೆ ತಡೆಯುವುದು ಎರಡನೆಯ ಕೆಲಸ. ಯಾವಾಗಲೂ ಜೋಡಿಯಾಗಿಯೇ ಇರುತ್ತದೆ. ಇಂಗ್ಲೆಂಡಿನಲ್ಲಿ ಫೈರ್‌ಡಾಗ್ ಎಂದೂ ಫ್ರಾನ್ಸಿನಲ್ಲಿ ಶೆನೆ ಎಂದೂ ಕರೆಯುತ್ತಾರೆ.

ಭಾಗಗಳು ಹೀಗಿವೆ. ಹಿಂದಕ್ಕೆ ಚಾಚಿದ ಕಬ್ಬಿಣದ ಸರಳಿನ ಮೇಲೆ ಸೌದೆ ಕೂರುತ್ತದೆ. ಮುಂದೆ ನಿಂತಿರುವ ಕಂಬ, ಅದರ ನೆತ್ತಿಯಲ್ಲಿ ಕಳಶ, ಕೆಳಗೆ ಎರಡು ಪಾದ. ಸರಳಿನ ಹಿಂತುದಿ ಬಾಗಿ ಮೂರನೆಯ ಕಾಲಾಗುತ್ತದೆ. ಅಮೆರಿಕದ ಜೋಡಿಗಳಲ್ಲಿ ಸರಳಿನ ಮೇಲೆ, ಕಂಬದಿಂದ ಕೆಲವು ಅಂಗುಲ ಹಿಂದೆ, ಒಂದು ಗಿಡ್ಡ ಗೂಟವೂ ಇರುವುದುಂಟು. ಇದನ್ನು ಇಲ್ಲಿ ತಡೆಗೂಟ ಎನ್ನೋಣ. ಬಿಸಿ ದಿಮ್ಮಿ ಹಿತ್ತಾಳೆ ಕಂಬಕ್ಕೆ ತಾಗದಂತೆ ಕಾಯುವುದು ಇದೇ. ಇದು ಮುರಿದಿದ್ದರೆ ಬೆಂಕಿ ಹಾಕುವ ಮೊದಲು ಸರಿಪಡಿಸಲೇಬೇಕು.

ಇವು ಎಷ್ಟು ಹಳೆಯವು? ಹಳೆಯವು ಅಮೆರಿಕದಲ್ಲೇ ಏಕೆ ಹೆಚ್ಚು?

ಮೂಲ ಬಹಳ ಹಿಂದಿನದು. 1852ರಲ್ಲಿ ವೇಲ್ಸ್‌ನ ಕ್ಯಾಪೆಲ್ ಗಾರ್ಮನ್‌ನಲ್ಲಿ ಸಿಕ್ಕ ಕೊಂಬಿನ ತಲೆಯ ಕಬ್ಬಿಣದ ಫೈರ್‌ಡಾಗ್ ಕಬ್ಬಿಣಯುಗದ್ದು. 16 ಮತ್ತು 17ನೇ ಶತಮಾನದಲ್ಲಿ ಇಂಗ್ಲೆಂಡಿನ ಸಸೆಕ್ಸ್ ಸುತ್ತಿನ ಕುಲುಮೆಗಳು ಬೀಡುಕಬ್ಬಿಣದ ಜೋಡಿಗಳನ್ನು ಎರಕ ಹೊಯ್ದವು. 18ನೇ ಶತಮಾನದ ಪ್ಯಾರಿಸ್‌ನಲ್ಲಿ ಚಿನ್ನದ ಲೇಪದ ಕಂಚಿನ ಶೆನೆಗಳು ಬಂದವು. ಅವು ಒಲೆಯ ಸಾಮಾನು ಎನ್ನುವುದಕ್ಕಿಂತ ಶಿಲ್ಪಗಳು.

ಇಂಗ್ಲೆಂಡಿನ ನಗರಗಳು ಕಲ್ಲಿದ್ದಲಿಗೆ ತಿರುಗಿದ ಮೇಲೆ ಆಂಡೈರನ್ ಮೂಲೆಗೆ ಸರಿಯಿತು. ಕಲ್ಲಿದ್ದಲಿಗೆ ಸರಳಿನ ಆಸರೆ ಸಾಲದು, ಜಾಲರಿಯ ಬುಟ್ಟಿಯೇ ಬೇಕು. ಅಮೆರಿಕದಲ್ಲಿ ಕಾಡು ಧಾರಾಳವಾಗಿತ್ತು, ಸೌದೆ ಒಲೆಗಳು ಉಳಿದವು, ಅವುಗಳ ಜೊತೆ ಆಂಡೈರನ್ ಕೂಡ. ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾದ ಹಿತ್ತಾಳೆ ಎರಕಗಾರರು ಅದನ್ನು ಒಂದು ಕಲೆಯಾಗಿಯೇ ಬೆಳೆಸಿದರು.

ಹಿತ್ತಾಳೆ ಜೋಡಿಯನ್ನು ಒಳಗೆ ಹೇಗೆ ಜೋಡಿಸಿರುತ್ತಾರೆ?

ಇದು ಗೊತ್ತಾದರೆ ಉಳಿದ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ. ಕಂಬ ಗಟ್ಟಿ ಹಿತ್ತಾಳೆಯಲ್ಲ, ಟೊಳ್ಳು. ಸರಳಿನ ಮುಂತುದಿಯಿಂದ ಒಂದು ಕಬ್ಬಿಣದ ಕಡ್ಡಿ ಮೇಲೇಳುತ್ತದೆ. ಪಾದಗಳ ಭಾಗ, ಪೀಠ, ಕಂಬ ಇವನ್ನು ಕಡ್ಡಿಗೆ ಒಂದೊಂದಾಗಿ ಪೋಣಿಸುತ್ತಾರೆ. ಮೇಲೆ ಕಡ್ಡಿಯ ತುದಿಗೆ ಮರೆ (ಸ್ಕ್ರೂವಿನಂಥ ಸುರುಳಿ ಗೆರೆ) ಕೊರೆದು ಕಳಶವನ್ನು ತಿರುಗಿಸಿ ಬಿಗಿಯುತ್ತಾರೆ. ಅಂದರೆ ಇಡೀ ಮುಂಭಾಗ ನಿಂತಿರುವುದು ಆ ಒಂದು ಕಡ್ಡಿಯ ಬಿಗಿತದ ಮೇಲೆ.

18ನೇ ಶತಮಾನದಲ್ಲಿ ಟೊಳ್ಳು ಕಂಬವನ್ನು ಉದ್ದಕ್ಕೆ ಎರಡು ಹೋಳಾಗಿ ಎರಕ ಹೊಯ್ದು, ಹೋಳುಗಳನ್ನು ಗಟ್ಟಿ ಬೆಸುಗೆಯಿಂದ ಕೂಡಿಸಿ, ಆಮೇಲೆ ಕಡಸಲಿನಲ್ಲಿ (ಲೇತ್) ತಿರುಗಿಸಿ ನಯ ಮಾಡುತ್ತಿದ್ದರು. ಹಾಗಾಗಿ ಕಂಬದ ಎರಡೂ ಬದಿ ಮೇಲಿಂದ ಕೆಳಗೆ ಕೂದಲೆಳೆಯಂಥ ಬೆಸುಗೆಗೆರೆ ಇರುತ್ತದೆ. ಹೊಳೆಯುವ ಹಿತ್ತಾಳೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಬಾಯಿಂದ ಹಬೆ ಊದಿ ನೋಡಿ, ಮಂಜು ಆರುವ ಕ್ಷಣದಲ್ಲಿ ಗೆರೆ ಬೇರೆ ಬಣ್ಣವಾಗಿ ಎದ್ದು ಕಾಣುತ್ತದೆ.

ಅಸಲಿಯೋ ನಂತರದ ನಕಲೋ, ಹೇಗೆ ಗುರುತಿಸುವುದು?

ಮುಂದಿನ ಹಿತ್ತಾಳೆಯನ್ನು ಕೊನೆಗೆ ನೋಡಿ. ಮೊದಲು ಜೋಡಿಯನ್ನು ತಲೆಕೆಳಗಾಗಿ ಮಲಗಿಸಿ ಹಿಂದಿನ ಕಬ್ಬಿಣ ನೋಡಿ. ಹಿತ್ತಾಳೆಯನ್ನು ಒಂದೇ ಮಧ್ಯಾಹ್ನದಲ್ಲಿ ಹಳೆಯದಾಗಿ ಕಾಣಿಸಬಹುದು. ನೂರಾರು ಚಳಿಗಾಲ ಬೆಂಕಿ ತಿಂದ ಸರಳನ್ನು ಹುಟ್ಟಿಸುವುದು ಬಹಳ ಕಷ್ಟ.

ಹಳೆಯ ಸರಳು ಕಮ್ಮಾರ ಬಡಿದು ಮಾಡಿದ ಮೆದು ಕಬ್ಬಿಣ. ಅದರೊಳಗೆ ಕಿಟ್ಟದ ಎಳೆಗಳಿರುತ್ತವೆ. ಬೆಂಕಿಗೂ ತುಕ್ಕಿಗೂ ಸವೆದ ಕಡೆ ಮೇಲ್ಮೈ ಮರದ ನಾರಿನಂತೆ ಉದ್ದುದ್ದ ಸೀಳುಗಳಾಗಿ ಬಿಟ್ಟುಕೊಂಡಿರುತ್ತದೆ. 1856ರ ಬೆಸೆಮರ್ ವಿಧಾನದ ನಂತರ ಹರಡಿದ ಉಕ್ಕಿನಲ್ಲಿ ಈ ನಾರು ಇಲ್ಲ, ಅದು ಎಲ್ಲ ಕಡೆ ಒಂದೇ ಸಮ ತುಕ್ಕು ಹಿಡಿಯುತ್ತದೆ. ಸವೆತ ಎಲ್ಲಿದೆ ಎಂಬುದೂ ಮುಖ್ಯ. ಸೌದೆ ಕೂರುವ ನಡುಭಾಗದಲ್ಲಿ ಸರಳು ತೆಳುವಾಗಿ, ತುಸು ಕುಸಿದಿರಬೇಕು. ಮುಂತುದಿಯೂ ಹಿಂಗಾಲೂ ಅಷ್ಟು ಸವೆದಿರಬಾರದು. ಉದ್ದಕ್ಕೂ ಒಂದೇ ರೀತಿ ಗುಳಿಬಿದ್ದಿದ್ದರೆ ಅದು ಆಮ್ಲದಲ್ಲಿ ಅದ್ದಿದ ಕೆಲಸ ಇರಬಹುದು.

ನಂತರ ಕೀಲುಗಳು. ಸರಳೂ ಕಡ್ಡಿಯೂ ಸೇರುವಲ್ಲಿ ರಿವೆಟ್ ಅಥವಾ ಕುಲುಮೆ ಬೆಸುಗೆ ಇರಬೇಕು. ಮಣಿಮಣಿಯಾಗಿ ಕಾಣುವ ವಿದ್ಯುತ್ ವೆಲ್ಡಿಂಗ್ ಇದ್ದರೆ ಅದು 20ನೇ ಶತಮಾನದ್ದು. ಹಾಗೆಂದು ಇಡೀ ಜೋಡಿ ಹೊಸದೆಂದಲ್ಲ, ಸುಟ್ಟ ಸರಳನ್ನು ಬದಲಿಸಿರಬಹುದು. ಆದರೆ ಬೆಲೆ ಇಳಿಯಲೇಬೇಕು.

ಕಳಶ ತಿರುಗಿಸಿ ತೆಗೆಯಲು ಮಾರುವವರು ಒಪ್ಪಿದರೆ ಮರೆ ನೋಡಿ. ಹಳೆಯ ಮರೆಯನ್ನು ಕೈಯಿಂದ ಕೊರೆದದ್ದು, ಅಂತರ ಒರಟು. ಒಂದರ ಕಳಶ ಇನ್ನೊಂದಕ್ಕೆ ಕೂರದಿರುವುದು ಒಳ್ಳೆಯ ಲಕ್ಷಣ. ಎರಡೂ ಅದಲುಬದಲಾಗಿ ಸಲೀಸಾಗಿ ಕೂತರೆ ಯಂತ್ರದ ಮರೆ ಎಂದೇ ಅನುಮಾನಿಸಿ. ಕಳಶ, ಕಂಬ, ಪಾದಗಳ ಹಿತ್ತಾಳೆಯ ಬಣ್ಣ ಹೊಂದುತ್ತದೆಯೇ ಎಂದು ಹಗಲ ಬೆಳಕಿನಲ್ಲಿ ಹೋಲಿಸಿ. ಒಂದು ಕೆಂಪು ಛಾಯೆ, ಒಂದು ನಿಂಬೆ ಹಳದಿ ಎಂದಾದರೆ ಎರಡು ಜೋಡಿಗಳ ಅವಶೇಷ ಸೇರಿಸಿ ಒಂದು ಮಾಡಿದ್ದಾರೆ.

ಅಯಸ್ಕಾಂತ ಪರೀಕ್ಷೆ ಮಾಡುವಾಗ ಎಚ್ಚರ. ಶಕ್ತಿಶಾಲಿ ಅಯಸ್ಕಾಂತ ಒಳಗಿನ ಕಡ್ಡಿಯ ಸೆಳೆತಕ್ಕೂ ಸಿಗುತ್ತದೆ, ಅಸಲಿ ಹಿತ್ತಾಳೆಯನ್ನೇ ನೀವು ಲೇಪದ ಕಬ್ಬಿಣ ಎಂದು ತಿರಸ್ಕರಿಸಬಹುದು. ಫ್ರಿಜ್ ಬಾಗಿಲಿನ ಸಾಧಾರಣ ಅಯಸ್ಕಾಂತವನ್ನು ಪಾದದ ಮೇಲೆ ಇಟ್ಟು ನೋಡಿ. ಅಲ್ಲಿ ಕಡ್ಡಿ ಇರುವುದಿಲ್ಲ.

ಯಾವ ಆಕಾರ ಯಾವ ಕಾಲದ್ದು?

ಆಕಾರದಿಂದ ಶೈಲಿ ತಿಳಿಯುತ್ತದೆ, ವಯಸ್ಸು ಖಚಿತವಾಗುವುದಿಲ್ಲ. 18ನೇ ಶತಮಾನದ ನಡುವಿನಿಂದ ಬಾಗಿದ ಕಾಲು ಮತ್ತು ಗುಂಡು ಹಿಡಿದ ಉಗುರಿನ ಪಾದ. ಫಿಲಡೆಲ್ಫಿಯಾದ ಡೇನಿಯಲ್ ಕಿಂಗ್‌ನಂಥವರು ನೆತ್ತಿಯಲ್ಲಿ ಎಲೆಗಳ ಅಲಂಕಾರವಿರುವ ಕೊರಿಂಥಿಯನ್ ಕಂಬಗಳನ್ನು ಎರಕ ಹೊಯ್ದದ್ದು ಈ ಕಾಲದಲ್ಲೇ. 1780ರ ನಂತರ ಕುಂಭದ ಆಕಾರದ ಕಳಶ, ಸಪೂರ ಕಂಬ. ಸುಮಾರು 1800ರಿಂದ ಬಾಸ್ಟನ್ ಸುತ್ತ ನಿಂಬೆಕಾಯಿ ಆಕಾರದ ಒಂಟಿ ಅಥವಾ ಜೋಡಿ ಕಳಶ, ನ್ಯೂಯಾರ್ಕ್‌ನಲ್ಲಿ ಗೋಪುರದಂತೆ ಚೂಪಾದ ಕಳಶ. ಅದೇ ಅವಧಿಯಲ್ಲಿ ಹಣ ಕಡಿಮೆ ಇದ್ದವರಿಗೆ ಚಾಕುವಿನ ಅಲಗಿನಂಥ ಚಪ್ಪಟೆ ಕಬ್ಬಿಣದ ಕಂಬ, ನಾಣ್ಯದಂಥ ದುಂಡು ಪಾದ, ಮೇಲೆ ಮಾತ್ರ ಹಿತ್ತಾಳೆಯ ಪುಟ್ಟ ಕಳಶ. ಈ ಕೊನೆಯ ಬಗೆಯ ಚೆಲುವಿಗೆ ಸಿಗಬೇಕಾದಷ್ಟು ಮನ್ನಣೆ ಇಂದಿಗೂ ಸಿಕ್ಕಿಲ್ಲ.

ಹೆಸ್ಸಿಯನ್ (ಬ್ರಿಟಿಷರ ಪರ ಹೋರಾಡಿದ ಜರ್ಮನ್) ಸೈನಿಕನ ಆಕಾರದ ಬೀಡುಕಬ್ಬಿಣದ ಜೋಡಿಗಳನ್ನು ಬಹುಮಂದಿ ಅಮೆರಿಕದ ಸ್ವಾತಂತ್ರ್ಯಯುದ್ಧದ ಕಾಲದವೆಂದು ಮಾರುತ್ತಾರೆ. ಈಗ ಸಿಗುವವುಗಳಲ್ಲಿ ಹೆಚ್ಚಿನವು 19ನೇ ಶತಮಾನದ ಕೊನೆಯಲ್ಲಿ ಹಳೆಯ ಶೈಲಿ ಮತ್ತೆ ಬೇಡಿಕೆಗೆ ಬಂದಾಗಿನವು ಅಥವಾ ಅದಕ್ಕೂ ಈಚಿನವು. ಗಾಜಿನ ಕಣ್ಣಿನ ಗೂಬೆಗಳೂ ಆ ಕಾಲದವೇ. ಹಿಂದೆ ಬೆಂಕಿ ಉರಿದಾಗ ಕಣ್ಣು ಹೊಳೆಯುತ್ತವೆ. ಇವುಗಳಲ್ಲಿ ಮೊದಲು ನೋಡಬೇಕಾದ್ದು ಕಣ್ಣುಗಳು ಮೂಲದವೇ, ನಾಲ್ಕೂ ಒಂದೇ ಬಣ್ಣವೇ ಎಂಬುದು.

ತಯಾರಕರ ಮುದ್ರೆ ಎಲ್ಲಿರುತ್ತದೆ?

ಪೀಠದ ಹಿಂಬದಿ, ಸರಳಿನ ಮೇಲ್ಮೈ, ಕೆಲವೊಮ್ಮೆ ಕಂಬದ ಬುಡ. ಬಾಸ್ಟನ್ನಿನ ಹನ್ನೆಮನ್, ಜಾನ್ ಮೊಲಿನೊ, ಜೇಮ್ಸ್ ಡೇವಿಸ್, ನ್ಯೂಯಾರ್ಕ್‌ನ ರಿಚರ್ಡ್ ವಿಟಿಂಗ್‌ಹ್ಯಾಮ್ ಅವರ ಮುದ್ರೆಗಳಿಗೆ ಬೇಡಿಕೆ ಹೆಚ್ಚು. ಬೆಂಕಿಯ ಆಸರೆ ಮಾಡಿದ ಹನ್ನೆಮನ್ ಮನೆತನವೇ ಬೆಂಕಿ ಆರಿಸುವ ಯಂತ್ರಗಳಿಗೂ ಹೆಸರಾಗಿತ್ತು. ಮುದ್ರೆಯಿಲ್ಲದ ಒಳ್ಳೆಯ ಜೋಡಿಗಳೇ ಹೆಚ್ಚು. ಮುದ್ರೆಯನ್ನು ನಂತರ ಒತ್ತಿದ್ದರೆ ಅಕ್ಷರದ ಗುಳಿಯ ಅಂಚು ಚೂಪಾಗಿರುತ್ತದೆ. ಎರಡು ಶತಮಾನ ಉಜ್ಜಿದ ಹಿತ್ತಾಳೆಯಲ್ಲಿ ಅಂಚು ಮೊಂಡಾಗಿರಬೇಕು.

ಕನೆಕ್ಟಿಕಟ್‌ನ ಬ್ರಾಡ್ಲಿ ಆ್ಯಂಡ್ ಹಬ್ಬರ್ಡ್ 1852ರಲ್ಲಿ ಆರಂಭವಾದ ಕಾರ್ಖಾನೆ. ತ್ರಿಕೋನದ ನಡುವೆ ಎಣ್ಣೆದೀಪ ಅದರ ಗುರುತು. ವಸ್ತುವಿನ ಮೇಲೆ ದೇಶದ ಹೆಸರಿದ್ದರೆ ಅದೂ ಸುಳಿವೇ. 1890ರ ಮೆಕಿನ್ಲಿ ಸುಂಕ ಕಾಯ್ದೆಯಿಂದಾಗಿ ಅಮೆರಿಕಕ್ಕೆ ಬರುವ ಸರಕಿನ ಮೇಲೆ ದೇಶದ ಹೆಸರು ಕಡ್ಡಾಯವಾಯಿತು. ‘ಮೇಡ್ ಇನ್ ಇಂಡಿಯಾ’ ಎಂದಿರುವ ಹಿತ್ತಾಳೆ ಜೋಡಿ 18ನೇ ಶತಮಾನದ್ದಾಗಲು ಸಾಧ್ಯವೇ ಇಲ್ಲ, ಎಷ್ಟೇ ಕಪ್ಪಾಗಿರಲಿ.

ಫ್ರಾನ್ಸಿನ ಚಿನ್ನದ ಲೇಪದ ಶೆನೆ ಕೊಳ್ಳುವಾಗ ಏನು ನೋಡಬೇಕು?

ಹಳೆಯ ವಿಧಾನದಲ್ಲಿ ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಕಂಚಿಗೆ ಬಳಿದು, ಕಾಯಿಸಿ ಪಾದರಸವನ್ನು ಆವಿ ಮಾಡುತ್ತಿದ್ದರು. ಆ ಆವಿ ಕುಶಲಕರ್ಮಿಗಳ ಆಯಸ್ಸು ತಿಂದಿತು. ಚಿನ್ನ ದುಬಾರಿಯಾದ್ದರಿಂದ ಕಾಣುವ ಮುಂಭಾಗಕ್ಕೆ ಮಾತ್ರ ಬಳಿಯುವುದು ವಾಡಿಕೆ, ಹಿಂಬದಿ ಬರಿ ಕಂಚಾಗಿಯೇ ಇರುತ್ತಿತ್ತು. ಮುಂದೆಹಿಂದೆ ಎನ್ನದೆ ಒಂದೇ ಸಮ ಹೊಳಪಿದ್ದರೆ ಅದು 1840ರ ನಂತರ ಹರಡಿದ ವಿದ್ಯುತ್ ಲೇಪನ ಇರಬಹುದು. 1745ರಿಂದ 1749ರವರೆಗೆ ಫ್ರಾನ್ಸಿನಲ್ಲಿ ತಾಮ್ರದ ಬೆರಕೆಲೋಹಗಳಿಗೆ ತೆರಿಗೆ ಇತ್ತು. ತೆರಿಗೆ ಸಂದಿದ್ದಕ್ಕೆ ಕಿರೀಟ ಹೊತ್ತ ‘ಸಿ’ ಅಕ್ಷರದ ಪುಟ್ಟ ಮುದ್ರೆ ಒತ್ತುತ್ತಿದ್ದರು.

ಇನ್ನೊಂದು ಅಪಾಯ ಸತುವಿನ ಎರಕ. 19ನೇ ಶತಮಾನದ ಅಗ್ಗದ ಶೆನೆಗಳನ್ನು ಸತುವಿನಲ್ಲಿ ಹೊಯ್ದು ಹೊಂಬಣ್ಣ ಕೊಡುತ್ತಿದ್ದರು. ಕಾಣದ ಮೂಲೆಯಲ್ಲಿ ಸಣ್ಣಗೆ ಕೆರೆದರೆ ಒಳಗೆ ಹಳದಿ ಬದಲು ಬೂದು ಬಣ್ಣ ಕಾಣುತ್ತದೆ. ಸತು 419 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಅಂಥವನ್ನು ಉರಿಯುವ ಬೆಂಕಿಯ ಹತ್ತಿರವೂ ಇಡಬೇಡಿ.

ನಮ್ಮ ಫೈರ್‌ಪ್ಲೇಸ್‌ಗೆ ಯಾವ ಅಳತೆ ಸರಿ?

ಬಾಯಿಯ ಎತ್ತರ, ಮುಂದಿನ ಅಗಲ, ಹಿಂದಿನ ಅಗಲ, ಒಳಗಿನ ಆಳ, ಈ ನಾಲ್ಕನ್ನೂ ಅಳೆದುಕೊಂಡು ಹೋಗಿ. ಕಂಬದ ಎತ್ತರ ಬಾಯಿಯ ಎತ್ತರದ ಅರ್ಧದಿಂದ ಮೂರನೇ ಎರಡು ಭಾಗ ಇದ್ದರೆ ಕಣ್ಣಿಗೆ ಹಿತ. ಬಾಯಿ 30 ಅಂಗುಲ ಇದ್ದರೆ ಜೋಡಿ 15ರಿಂದ 20 ಅಂಗುಲ. ಸರಳು ಹಿಂಗೋಡೆಗೆ ತಾಗಬಾರದು, ಆಳಕ್ಕಿಂತ 3-4 ಅಂಗುಲ ಕಡಿಮೆ ಇರಲಿ. ಎರಡರ ನಡುವಿನ ಅಂತರ ನೀವು ಹಾಕುವ ಸೌದೆಯನ್ನು ಅವಲಂಬಿಸಿದೆ. 24 ಅಂಗುಲದ ದಿಮ್ಮಿಗೆ 12ರಿಂದ 14 ಅಂಗುಲ ಅಂತರ ಕೊಟ್ಟರೆ ಎರಡೂ ಕಡೆ 5-6 ಅಂಗುಲ ಚಾಚಿಕೊಂಡಿರುತ್ತದೆ. ಇದಕ್ಕಿಂತ ಅಗಲವಾಗಿಟ್ಟರೆ ದಿಮ್ಮಿ ನಡುವೆ ಸುಟ್ಟು ಮುರಿದಾಗ ಎರಡು ತುಂಡೂ ಕೆಳಗೆ ಬೀಳುತ್ತವೆ.

ಹಳೆಯ ಜೋಡಿಗಳಲ್ಲಿ ಸರಳನ್ನು ಕತ್ತರಿಸಿ ಗಿಡ್ಡ ಮಾಡಿರುವುದು ತುಂಬಾ ಸಾಮಾನ್ಯ. 1790ರ ದಶಕದಲ್ಲಿ ವಿಜ್ಞಾನಿ ಕೌಂಟ್ ರಮ್‌ಫರ್ಡ್ ಪ್ರಚಾರ ಮಾಡಿದ ಆಳ ಕಡಿಮೆಯ ಫೈರ್‌ಪ್ಲೇಸ್‌ಗಳು ಹರಡಿದಾಗ ಉದ್ದ ಸರಳು ಒಳಗೆ ಹಿಡಿಯದಾಯಿತು. ಆ ಕಾಲದಲ್ಲೇ ಕತ್ತರಿಸಿದ್ದರೆ ಅದು ವಸ್ತುವಿನ ಚರಿತ್ರೆಯ ಭಾಗ. ನೀವು ಮಾತ್ರ ಕತ್ತರಿಸಬೇಡಿ.

ಹಳೆಯ ಜೋಡಿಯ ಮೇಲೆ ಬೆಂಕಿ ಹಾಕಬಹುದೇ?

ಸರಳು ಗಟ್ಟಿಯಿದ್ದು ಕೀಲು ಅಲುಗದಿದ್ದರೆ ಹಾಕಬಹುದು. ಆದರೆ ಒಳ್ಳೆಯ ಜೋಡಿಯ ಮೇಲೆ ನೇರವಾಗಿ ಭಾರ ಹೇರಬೇಡಿ. ಹಿಂದಿನವರು ಇದಕ್ಕೊಂದು ಉಪಾಯ ಮಾಡಿದ್ದರು. ದೊಡ್ಡ ಹಿತ್ತಾಳೆ ಜೋಡಿಯ ನಡುವೆ ಕ್ರೀಪರ್ ಎಂಬ ಗಿಡ್ಡ ಕಬ್ಬಿಣದ ಜೋಡಿ ಇಟ್ಟು ಸೌದೆಯನ್ನು ಅದರ ಮೇಲೆ ಒಟ್ಟುತ್ತಿದ್ದರು. ಭಾರವೂ ಉರಿಯೂ ಕ್ರೀಪರ್‌ಗೆ, ಚೆಲುವು ಹಿತ್ತಾಳೆಗೆ. ಇಂದು ಕಮ್ಮಾರರಿಂದ ಸರಳವಾದ ಕ್ರೀಪರ್ ಮಾಡಿಸಿಕೊಂಡರೆ ಇನ್ನೂರು ವರ್ಷದ ಸರಳು ಉಳಿಯುತ್ತದೆ.

ಬೆಂಕಿ ಹಿಂಗೋಡೆಯ ಕಡೆಗಿರಲಿ. ಸೌದೆಯಲ್ಲಿ ತೇವ 20 ಶೇಕಡಾಕ್ಕಿಂತ ಕಡಿಮೆ ಇರಬೇಕು, ಹಸಿ ಸೌದೆ ಹೊಗೆಯಾಡಿ ಹಿತ್ತಾಳೆಯ ಮೇಲೆ ಅಂಟು ಮಸಿ ಕೂರಿಸುತ್ತದೆ. ಬೀಡುಕಬ್ಬಿಣ ಬಿಸಿಯಿರುವಾಗ ನೀರು ಸುರಿದರೆ ಸೀಳುತ್ತದೆ, ಬೆಂಕಿ ತಾನಾಗಿ ಆರಲಿ. ಕಲ್ಲಿದ್ದಲು ಬೇಡವೇ ಬೇಡ.

ಕಂಬ ಅಲುಗಾಡುತ್ತಿದೆ. ಕಳಶವನ್ನು ಬಿಗಿದರೆ ಸಾಕೇ?

ಬಲವಾಗಿ ಬಿಗಿಯುವುದೇ ಹಲವು ಕಂಬಗಳನ್ನು ಸೀಳಿದೆ. ಹಿತ್ತಾಳೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. 38 ಸೆಂಟಿಮೀಟರ್ ಕಂಬ 100 ಡಿಗ್ರಿ ಬಿಸಿಯೇರಿದರೆ ಒಳಗಿನ ಕಡ್ಡಿಗಿಂತ ಕಾಲು ಮಿಲಿಮೀಟರ್‌ಗೂ ತುಸು ಹೆಚ್ಚು ಬೆಳೆಯುತ್ತದೆ. ತಣ್ಣಗಿರುವಾಗಲೇ ಪೂರ್ತಿ ಬಿಗಿದಿದ್ದರೆ ಆ ಹಿಗ್ಗಿಗೆ ಜಾಗವಿಲ್ಲ. ಆಗ ಬೆಸುಗೆಗೆರೆ ಬಿಡುತ್ತದೆ ಅಥವಾ ಕಡ್ಡಿಯ ಮರೆ ಕಿತ್ತುಹೋಗುತ್ತದೆ. ಅಲುಗದಷ್ಟು ಮಾತ್ರ ಕೈಯಿಂದ ತಿರುಗಿಸಿ, ಅಲ್ಲಿಗೆ ನಿಲ್ಲಿಸಿ.

ಕಳಶ ಕಚ್ಚಿಕೊಂಡಿದ್ದರೆ ಮರೆ ಸೇರುವಲ್ಲಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಚರ್ಮ ಸುತ್ತಿ ಎರಡೂ ಕೈಯಿಂದ ತಿರುಗಿಸಿ. ಇಕ್ಕಳ ಹಾಕಿದರೆ ಹಲ್ಲಿನ ಗುರುತು ಶಾಶ್ವತ. ಬಿಚ್ಚಿದ ಪ್ರತಿ ಭಾಗಕ್ಕೂ ಎಡ, ಬಲ ಎಂದು ಚೀಟಿ ಕಟ್ಟಿ. ಸರಳಿಗೆ ಬೆಸುಗೆ ಹಾಕಿಸುವುದಿದ್ದರೆ ಹಿತ್ತಾಳೆಯನ್ನೆಲ್ಲ ಮೊದಲೇ ಬಿಚ್ಚಿಡಬೇಕು. ಹಿತ್ತಾಳೆಯೊಳಗಿನ ಸತು 907 ಡಿಗ್ರಿಯಲ್ಲಿ ಕುದಿದು ಹೊಗೆಯಾಗುತ್ತದೆ, ಅದನ್ನು ಉಸಿರಾಡಿದವರಿಗೆ ಚಳಿಜ್ವರ ಬರುತ್ತದೆ.

ಹುಣಸೆಹಣ್ಣಿನಿಂದ ಬೆಳಗಬಹುದೇ?

ದೇವರ ದೀಪ, ಚೊಂಬಿಗೆ ಸರಿ. ಹಳೆಯ ಆಂಡೈರನ್‌ಗೆ ಬೇಡ. ಹುಳಿ ಕಿಲುಬಿನ ಜೊತೆ ಮೇಲ್ಪದರದ ಸತುವನ್ನೂ ಎಳೆದುಕೊಳ್ಳುತ್ತದೆ, ತಾಮ್ರ ಉಳಿದು ಅಲ್ಲಲ್ಲಿ ಗುಲಾಬಿ ಕಲೆ ಬೀಳುತ್ತದೆ. ಬೆಸುಗೆಗೆರೆಯೊಳಗೆ ಇಳಿದ ಹುಳಿ ತೊಳೆದರೂ ಹೋಗುವುದಿಲ್ಲ. ಒಳಗಿನ ಕಡ್ಡಿ ತುಕ್ಕು ಹಿಡಿಯುತ್ತದೆ.

ಅಮೋನಿಯಾ ಇರುವ ಪಾಲಿಶ್ ಕೂಡ ಬೇಡ. ಎರಕದ ಒತ್ತಡ ಒಳಗೇ ಉಳಿದಿರುವ ಹಿತ್ತಾಳೆಯನ್ನು ಅಮೋನಿಯಾ ಸೀಳುತ್ತದೆ. ಇದು ಮೊದಲು ಗಮನಕ್ಕೆ ಬಂದದ್ದು ಭಾರತದಲ್ಲೇ. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಹಿತ್ತಾಳೆಯ ತೋಟಾಗಳು ತಾವಾಗಿ ಬಿರುಕು ಬಿಡುತ್ತಿದ್ದವು. ಕಾರಣ ಲಾಯದ ಅಮೋನಿಯಾ ಎಂಬುದು 1921ರಲ್ಲಿ ಸ್ಪಷ್ಟವಾಯಿತು.

ಮಾಡಬೇಕಾದ್ದು ಇಷ್ಟು. ಮೊದಲು ಒಣ ಕುಂಚದಿಂದ ಬೂದಿ ತೆಗೆಯಿರಿ. ಮೆದುವಾದ ಸೋಪಿನ ನೀರಲ್ಲಿ ಬಟ್ಟೆ ಅದ್ದಿ, ಹಿಂಡಿ ಒರೆಸಿ. ನೀರಲ್ಲಿ ಮುಳುಗಿಸಬೇಡಿ. ಅಂಟು ಮಸಿಗೆ ವೈಟ್ ಸ್ಪಿರಿಟ್ (ಪೇಂಟ್ ತೆಳುಮಾಡುವ ದ್ರಾವಕ). ಹಳೆಯ ಲ್ಯಾಕರ್ ಹಳದಿ ಚಕ್ಕೆಯಾಗಿ ಏಳುತ್ತಿದ್ದರೆ ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ, ಅಸಿಟೋನ್‌ನಿಂದ ತೆಗೆಯಿರಿ. ನಂತರ ನಯವಾದ ಸೀಮೆಸುಣ್ಣದ ಪುಡಿಯನ್ನು ಭಟ್ಟಿ ಇಳಿಸಿದ ನೀರಲ್ಲಿ ಕಲಸಿ ಹತ್ತಿಬಟ್ಟೆಯಿಂದ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ. ಕೊನೆಗೆ ಮೈಕ್ರೋಕ್ರಿಸ್ಟಲಿನ್ ಮೇಣದ ತೆಳು ಲೇಪ. ವರ್ಷಕ್ಕೊಮ್ಮೆ ಸಾಕು. ಪ್ರತಿ ಉಜ್ಜಿನಲ್ಲೂ ಲೋಹ ಹೋಗುತ್ತದೆ, ಕೆತ್ತನೆಯ ಅಂಚು ಮಾಯವಾಗುತ್ತದೆ. ಚಿನ್ನದ ಲೇಪದ ಶೆನೆಗೆ ಯಾವ ಪಾಲಿಶ್ ಕೂಡ ಮುಟ್ಟಿಸಬಾರದು, ಧೂಳು ಒರೆಸುವುದಷ್ಟೇ.

ಸರಳಿನ ತುಕ್ಕಿಗೆ ಏನು ಮಾಡಬೇಕು?

ಬಿಡಿ ತುಕ್ಕನ್ನು ತಂತಿ ಕುಂಚದಿಂದ ತೆಗೆದು, ಗ್ರಾಫೈಟ್‌ನ ಸ್ಟೋವ್ ಬ್ಲ್ಯಾಕ್ ಎಂಬ ಕಪ್ಪು ಲೇಪ ಹಚ್ಚಿ ಉಜ್ಜಿ. ಮಾಮೂಲಿ ಪೇಂಟ್ ಸುಟ್ಟು ನಾರುತ್ತದೆ. ಮರಳು ಊದಿಸಿ ಬಿಳಿಚುವಂತೆ ಮಾಡಿಸಿದರೆ ವಯಸ್ಸಿನ ಸಾಕ್ಷಿಯೇ ಅಳಿಸಿಹೋಗುತ್ತದೆ. ಚಳಿಗಾಲ ಮುಗಿದ ಕೂಡಲೇ ಬೂದಿಯನ್ನು ಪೂರ್ತಿ ತೆಗೆಯಿರಿ. ಬೂದಿ ಕ್ಷಾರ, ಗಾಳಿಯ ತೇವ ಹೀರುತ್ತದೆ. ಚಿಮಣಿಯಿಂದ ಮಳೆಹನಿ ಬಿದ್ದರಂತೂ ಪಾದಗಳನ್ನೇ ತಿನ್ನುತ್ತದೆ.

ಕೊಡಗು, ಚಿಕ್ಕಮಗಳೂರಿನ ತೋಟದ ಬಂಗಲೆಗಳಲ್ಲಿ ಇವು ಸಿಗುತ್ತವೆಯೇ?

ಬ್ರಿಟಿಷ್ ಪ್ಲಾಂಟರುಗಳು ಕಟ್ಟಿದ ಬಂಗಲೆಗಳಲ್ಲಿ ಫೈರ್‌ಪ್ಲೇಸ್ ಇದೆ. ಅವುಗಳಲ್ಲಿ ಕಲ್ಲಿದ್ದಲಿನ ಜಾಲರಿಯೂ ಇರಬಹುದು, ಸೌದೆಯ ಸರಳುಗಳೂ ಇರಬಹುದು. ಅಲ್ಲಿ ಬೆಂಕಿಗಿಂತ ದೊಡ್ಡ ಶತ್ರು ಮಳೆಗಾಲ. ಮೇ ಕೊನೆಗೇ ಚಿಮಣಿಯ ಬಾಯಿ ಮುಚ್ಚಿಸಿ, ಬೂದಿ ತೆಗೆದು, ಕಬ್ಬಿಣಕ್ಕೆ ಮೇಣ ಹಚ್ಚಿ, ಜೋಡಿಯನ್ನು ನೆಲದಿಂದ ಎತ್ತಿ ಮರದ ತುಂಡಿನ ಮೇಲಿಡಿ. ಪ್ಲಾಸ್ಟಿಕ್ ಸುತ್ತಿಟ್ಟರೆ ಒಳಗೆ ತೇವ ಕಟ್ಟಿ ಇನ್ನಷ್ಟು ಹಾಳು, ಹಳೆಯ ಹತ್ತಿಬಟ್ಟೆ ಹೊದಿಸಿ.

ಅಲ್ಲಿಂದ ವಿದೇಶಕ್ಕೆ ಒಯ್ಯುವುದಾದರೆ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ನೆನಪಿರಲಿ. ನೂರು ವರ್ಷ ದಾಟಿದ ಪುರಾವಸ್ತುವನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ವಸ್ತು ಅಷ್ಟು ಹಳೆಯದಲ್ಲದಿದ್ದರೆ, ಅದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಸಾಗಣೆಗೆ ಮುನ್ನವೇ ಪಡೆದಿಟ್ಟುಕೊಳ್ಳಿ. ಕಸ್ಟಮ್ಸ್‌ನಲ್ಲಿ ಪೆಟ್ಟಿಗೆ ನಿಂತ ಮೇಲೆ ಓಡಾಡುವುದು ಬಹಳ ಕಷ್ಟ.

ಒಂದೇ ಇದೆ, ಜೋಡಿ ಇಲ್ಲ. ಕೊಳ್ಳಬಹುದೇ?

ಬಳಸಲು ಆಗದು, ಬೆಲೆಯೂ ಜೋಡಿಯ ಅರ್ಧಕ್ಕಿಂತ ಬಹಳ ಕಡಿಮೆ ಇರಬೇಕು. ಆದರೆ ನಿಮ್ಮ ಜೋಡಿಯ ಒಂದು ಕಾಲೋ ಕಳಶವೋ ಕಳೆದುಹೋಗಿದ್ದರೆ, ಅದೇ ಊರಿನ ಅದೇ ಕಾಲದ ಒಂಟಿಯೊಂದು ಹೊಸ ಎರಕಕ್ಕಿಂತ ಸಾವಿರ ಪಾಲು ಮೇಲು. ಹಾಗೆ ಜೋಡಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದು, ದಿನಾಂಕ ಹಾಕಿ, ಬದಲಿಸಿದ ಭಾಗದ ಫೋಟೊ ಸಹಿತ ಮನೆಯ ಕಾಗದಪತ್ರಗಳ ಜೊತೆ ಇಡಿ. ಮುಂದೆ ಮಾರುವಾಗ ಕೊಳ್ಳುವವರಿಗೆ ಆ ಚೀಟಿಯನ್ನೂ ಕೊಡಿ.